ಹಕ್ಕಿಗಳಿಗೆ ಹಾಕಿದ ರೊಟ್ಟಿ

“‘ನೀ ಕಚ್ಚಿಟ್ಟು ಹೋದ ರೊಟ್ಟಿಯನ್ನು ಇಂದು ಹಕ್ಕಿಗಳಿಗೆ ಹಾಕಿದೆ.’ ಈ ಪದ್ಯದಲ್ಲಿ ರೊಟ್ಟಿ ಯಾವುದರ ಸಂಕೇತ? ನೋಜಿಗುಲ್, ನೀನು ಹೇಳಮ್ಮ,” ಎಂದರು ಖುಜಂದ ಪಟ್ಟಣದ ಶಾಲೆಯ ಸಾಹಿತ್ಯದ ಟೀಚರ್.

ನೋಜಿಗುಲ್ ಎದ್ದಳು. “ಕಾಯೋದರ ಸಂಕೇತ, ಟೀಚರ್. ದೂರ ಹೋಗೋರು ಕಚ್ಚಿಟ್ಟ ರೊಟ್ಟಿನ ಅವರು ವಾಪಸ್ ಬಂದು ತಿನ್ನೋವರೆಗೂ ಗೋಡೆ ಮೇಲೆ ನೇತುಹಾಕಿರ್ತೀವಲ್ಲ.”

“ಮತ್ತೆ ಪದ್ಯದ ಹೆಣ್ಣು ಅದನ್ನ ಹಕ್ಕಿಗ್ಯಾಕೆ ಹಾಕಿದ್ಲು?”

“ಇನ್ನೊಬ್ಬ ಸಿಕ್ಕಿರ್ಬೇಕು!” ಹಿಂದಿನ ಬೆಂಚಿನ ದಿಲ್ಶೋದಾ ಕಿಸಕ್ಕೆಂದಳು.

“ಸುಮ್ನಿರೇ,” ಎಂದು ನೋಜಿಗುಲ್ ನಕ್ಕಳು. “ಅವನು ಸತ್ತ ಸುದ್ದಿ ಬಂದಿದೆ, ಟೀಚರ್. ಅವಳಿಗೆ ಅದನ್ನ ಬಾಯಿಬಿಟ್ಟು ಹೇಳೋಕಾಗ್ತಿಲ್ಲ. ಅದೇ ಇಲ್ಲಿನ ಧ್ವನಿ.”

“ಭೇಷ್! ಕೂತ್ಕೋ.”

ಅವಳು ಕೂರಲಿಲ್ಲ. ಅಂದು ಬೆಳಿಗ್ಗೆ ಅಮ್ಮ ಅಂಗಳದ ಗುಬ್ಬಿಗಳಿಗೆ ಒಣರೊಟ್ಟಿ ಪುಡಿಮಾಡಿ ಹಾಕುತ್ತಿದ್ದಳು. ಅಪ್ಪ ರಷ್ಯಾಕ್ಕೆ ದುಡಿಯಲು ಹೊರಟಾಗ ಕಚ್ಚಿಟ್ಟಿದ್ದ ರೊಟ್ಟಿ. ಯಾಕಮ್ಮ ಎಂದು ಕೇಳಿದ್ದಕ್ಕೆ, “ಹುಳ ಬಿದ್ದಿತ್ತು ಕಣೇ,” ಎಂದು ಮುಖ ತಿರುಗಿಸಿದ್ದಳು.