ತೇಪೆ ಹಾಕಿದ ಸೂರ್ಯ

ಇಪ್ಪತ್ತೆರಡು ವರ್ಷಗಳಿಂದ ಡ್ರಾಯಿಂಗ್ ಮಾಸ್ತರರ ಮೇಜಿಗೆ ಬಂದು ಬೀಳುತ್ತಿದ್ದುದು ಅದೇ ಚಿತ್ರ: ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ. ಬೇಸತ್ತು ಈ ಸಲ ಅವರು ಎಂಟನೇ ತರಗತಿಯ ಮಕ್ಕಳಿಗೆ, "ಕಣ್ಣಿಲೆ ಕಂಡದ್ದಷ್ಟ ತಗೀರಿ. ನಿಮ್ಮ ನಿಮ್ಮ ಮನೀ ಚಿತ್ರ ತಗೀರಿ. ಚಂದ ಬಂದದ್ದು ತಾಲೂಕು ಸ್ಪರ್ಧೆಗೆ ಹೋಗ್ತದ," ಎಂದಿದ್ದರು.

ಎಲ್ಲರಿಗಿಂತ ಕೈ ಪಳಗಿದ್ದ ಹುಡುಗಿಯೇ ಮತ್ತೆ ಅದೇ ಚಿತ್ರವನ್ನು ಬರೆದು ತಂದಳು.

"ನಮ್ಮೂರ ಸುತ್ತ ಎಲ್ಲೆರ ಗುಡ್ಡ ನೋಡೀದೇನವಾ?"

"ಇದು ನಮ್ಮ ಮನೀನ್ರಿ, ಸರ್."

"ಮತ್ತ ಸೂರ್ಯಾನ ಮ್ಯಾಲೆ ಇದೇನು, ತ್ಯಾಪಿ?"

"ಹೌದ್ರಿ. ಅವ್ವ ಹಚ್ಚ್ಯಾಳ."

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾಸ್ತರರಿಗೆ ನಗುವಷ್ಟು ತ್ರಾಣವಿರಲಿಲ್ಲ. ಚಿತ್ರದ ಮೇಲೆ ಕೆಂಪು ಗೀಟೆಳೆದರು. "ಖರೇ ಮನೀ ತಗದು ತಾ. ಇಲ್ಲಾಂದ್ರ ಸ್ಪರ್ಧೆಗೆ ನಿನ್ನ ಹೆಸರು ಕಳಸಂಗಿಲ್ಲ."

ಮರುದಿನ ಅವಳು ತಂದದ್ದೂ ಅದೇ ಗುಡ್ಡ, ಅದೇ ತೇಪೆ. ಮಾಸ್ತರರು ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ಹುಡುಗಿ ಹಾಳೆ ಮಡಚಿಕೊಂಡು ಹೋಗಿ ಕುಳಿತಳು. ಮಡಚಿದ ಆ ಹಾಳೆ ಅವರನ್ನು ದಿನವಿಡೀ ಕೊರೆಯಿತು. ಇಷ್ಟು ಹಟ ಒಳ್ಳೆಯದಲ್ಲವೆಂದು ತಾಯಿಗಾದರೂ ಹೇಳೋಣವೆಂದುಕೊಂಡು, ಶಾಲೆ ಬಿಟ್ಟ ಮೇಲೆ ಊರಾಚೆಯ ಗುಡಿಸಲುಗಳತ್ತ ಕಾಲೆಳೆಯುತ್ತ ನಡೆದರು. ಹುಡುಗರು ತೋರಿಸಿದ ಗುಡಿಸಲಿನ ಮುಂದೆ ನಿಂತು, "ಯಾರದಾರ್ರಿ ಒಳಗ?" ಎಂದು ಕೂಗಿದರು.

ಗೋಡೆಯ ಬದಲು ಇಳಿಬಿಟ್ಟಿದ್ದ ನಾಟಕ ಕಂಪನಿಯ ಹಳೆಯ ಪರದೆಯನ್ನು, ಅದರ ಎರಡು ಗುಡ್ಡ, ತೇಪೆ ಹಾಕಿದ ಸೂರ್ಯನ ಸಮೇತ, ಒಂದೇ ಕೈಯಿಂದ ಬದಿಗೆ ಸರಿಸಿ ಅವಳ ತಾಯಿ ಹೊರಬಂದಳು.