ಆರಿಂಚಿನ ನೆರಳು

‘ತಪ್ಪು’ ಎಂದು ಬರೆಯಲು ಸೋಮವಾರದ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರ ಹೆಬ್ಬೆರಳು ಫೋನಿನ ಮೇಲೆ ಹೋಗಿಯೇಬಿಟ್ಟಿತ್ತು. ಭಾನುವಾರ ಸರಿಯಾಗಿ ಹನ್ನೆರಡಕ್ಕೆ ಬಿಸಿಲಲ್ಲಿ ಒಂದಡಿಯ ಸ್ಕೇಲು ನಿಲ್ಲಿಸಿ, ನೆರಳು ಅಳೆದು, ತರಗತಿಯ ವಾಟ್ಸ್ಯಾಪ್ ಗ್ರೂಪಿಗೆ ಫೋಟೊ ಹಾಕಿ ಎಂದಿದ್ದರು. ಎಲ್ಲರದೂ ನಾಲ್ಕು ಇಂಚು. ಕೊನೇ ಬೆಂಚಿನ ಹುಡುಗಿಯದು ಮಾತ್ರ ಆರು.

“ನಿದ್ದೆಗಣ್ಣಲ್ಲಿ ಅಳೆದಿದ್ದಾಳೆ ಸಾರ್!” ಎಂದು ಮುಂದಿನ ಬೆಂಚು ಕಿಸಕ್ಕೆಂದಿತು. ಮೇಷ್ಟ್ರು ಫೋಟೊ ದೊಡ್ಡದು ಮಾಡಿದರು. ಸ್ಕೇಲನ್ನು ನೆಟ್ಟಗೆ ಹಿಡಿದಿದ್ದ ಹೆಬ್ಬೆರಳು ಮಕ್ಕಳದಲ್ಲ. ಉಗುರಿನ ಸಂದಿಯಲ್ಲೆಲ್ಲ ಕರಿ ಗ್ರೀಸು. ಹಿಂದೆ ಭಾರಿ ಟೈರು.

“ಇದು ಯಾರ ಕೈಯಮ್ಮ?”

“ಅಪ್ಪಂದು ಸಾರ್. ನಮ್ಮನೇಲಿ ಇರೋದು ಒಂದೇ ಫೋನು, ಅದು ಲಾರಿ ಜೊತೆ ಹೋಗುತ್ತೆ. ಅದಕ್ಕೇ ಸ್ಕೇಲೂ ಕೊಟ್ಟು ಕಳಿಸಿದ್ದೆ.” ಅವಳು ತಲೆ ತಗ್ಗಿಸಿದಳು. “ಅಪ್ಪ ಸುಮ್ಸುಮ್ನೆ ಬರೆಯೋರಲ್ಲ ಸಾರ್.”

“ಎಲ್ಲಿದ್ದಾರೆ ಈಗ?”

“ಉತ್ತರಕ್ಕೆ, ಸಾವಿರ ಕಿಲೋಮೀಟರ್ ದೂರ.”

ಮೇಷ್ಟ್ರ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. “ನಗಬೇಡ್ರೋ! ಭೂಮಿ ಗುಂಡಗಿದೆ ಅಂತ ಇಷ್ಟು ವರ್ಷ ನಾನು ಬರೀ ಬಾಯಲ್ಲಿ ಹೇಳ್ಕೊಂಡು ಬಂದೆ. ಚಪ್ಪಟೆಯಾಗಿದ್ರೆ ಅಲ್ಲೂ ಇಲ್ಲೂ ನೆರಳು ಒಂದೇ ಅಳತೆ ಇರ್ಬೇಕಿತ್ತು. ಇವಳಪ್ಪ ಅಳೆದೇ ತೋರಿಸಿಬಿಟ್ರಲ್ಲ!” ಹುಡುಗಿ ಮೆಲ್ಲಗೆ ತಲೆಯೆತ್ತಿದಳು. ಮೇಷ್ಟ್ರು ಗ್ರೂಪಿನಲ್ಲಿ ಬರೆದರು: ‘ಇವತ್ತೂ ಹನ್ನೆರಡಕ್ಕೆ ಒಂದ್ಸಲ ಅಳೀತೀರಾ?’

ಟಿಣ್ ಎಂದು ಉತ್ತರ ಬಂತು. ಹುಡುಗಿಯ ಕೈಗೇ ಫೋನು ಕೊಟ್ಟು ಓದಿಸಿದರು.

‘ಲಾರಿ ಪಕ್ಕಕ್ಕೆ ಹಾಕಿದೀನಿ ಮೇಷ್ಟ್ರೇ. ಇನ್ನು ಹತ್ತೇ ನಿಮಿಷ ಇದೆ, ಮಕ್ಕಳನ್ನ ಬಿಸಿಲಿಗೆ ಕರ್ಕೊಂಡು ಬನ್ನಿ.’