ಮೊಲದ ಹಿಕ್ಕೆ

ಮಸ್ಕಿ ಹೊರವಲಯದ ಬೇಲಿಯೊಳಗೆ ಮೊಣಕಾಲುದ್ದ ಬೆಳೆದ ಹುಲ್ಲನ್ನು ಸರಿಸಿ, ಬೆಂಗಳೂರಿನಿಂದ ಪರಿಶೀಲನೆಗೆ ಬಂದಿದ್ದ ಡಾ. ಭಾರತಿ ಒಂದು ಕರಿ ಹಿಕ್ಕೆಯನ್ನು ಎತ್ತಿ ಹಿಡಿದರು. ಪ್ರೊಫೆಸರ್ ಪಂಪಾಪತಿಯವರ ಜೀವ ಬಾಯಿಗೆ ಬಂತು.

“ಇದು ಕುರೀದಲ್ವಾ ಸರ್?”

ಕುರಿಯದ್ದಾದರೆ ಕಥೆ ಮುಗಿಯಿತು. ಕುರಿ ಮೇಯ್ದಲ್ಲಿ ನೆಲ ಮರುಭೂಮಿಯಾಗುತ್ತದೆ ಎಂಬ ಒಂದೇ ಮಾತನ್ನು ಪಂಪಾಪತಿ ಹದಿನೆಂಟು ವರ್ಷ ತಿರುವಿ ಮುರುವಿ ಬರೆದವರು. ಅದಕ್ಕೆ ಸಾಕ್ಷಿ ಈ ನಾಲ್ಕೆಕರೆ: ಒಂದು ಗೊರಸೂ ಸೋಕದ ಬೇಲಿಯೊಳಗೆ ಹಸಿರು, ಹೊರಗೆ ಬೋಳು ಗರಸು ನೆಲ. ಇದನ್ನು ತೋರಿಸಿಯೇ ಪ್ರೊಫೆಸರ್ ಆದರು, ಏಳು ದೇಶ ಸುತ್ತಿ ಬಂದರು. ಇವತ್ತು ಈಕೆ ತಲೆಯಾಡಿಸಿದರೆ ಒಣಭೂಮಿ ಸಂಶೋಧನಾ ಕೇಂದ್ರ ಮಂಜೂರು, ಅವರೇ ನಿರ್ದೇಶಕರು.

“ಛೇ, ಎಲ್ಲಿಯ ಕುರಿ ಮೇಡಂ! ಮೊಲದ್ದು,” ಎಂದರು ಕಣ್ಣು ಪಿಳುಕಿಸದೆ. ಮೊಲವನ್ನು ಟೀವಿಯಲ್ಲಷ್ಟೇ ಕಂಡಿದ್ದ ಭಾರತಿ ಹಿಗ್ಗಿ, ಹಿಕ್ಕೆಯ ಫೋಟೊ ತೆಗೆದುಕೊಂಡು ಕಾರು ಹತ್ತಿದರು.

ಕಾರಿನ ಧೂಳು ಅಡಗುವ ಮೊದಲೇ ಪ್ರೊಫೆಸರ್ ಕಾವಲುಗಾರನ ಮೇಲೆ ಹಾರಿಬಿದ್ದರು. “ಲೇ ಮಾನಪ್ಪ, ಬೇಲಿ ಒಳಗ ಕುರಿ ಹೆಂಗ ಬಂದ್ವು?”

“ನಾನ ಒಳಗ ಬಿಟ್ಟು ತರುಬಿಸೀನ್ರಿ.” ಮಾನಪ್ಪನ ಮುಖದಲ್ಲಿ ಅಳುಕೇ ಇರಲಿಲ್ಲ. “ಮೊದಲ ನಾಕ್ ವರ್ಷ ಇಲ್ಲಿ ಒಂದ್ ಕಡ್ಡಿ ಹುಟ್ಟಲಿಲ್ಲ. ನೀವು ತಲಿ ಮ್ಯಾಲ ಕೈ ಹೊತ್ತು ಕುಂತಿದ್ರಿ. ನೋಡಿ ಕರಳು ಚುರಕ್ ಅಂತು. ತುರ್ವಿಹಾಳ ಕಡಿ ಭತ್ತದ ಗದ್ದಿಗೆ ಹೊಂಟ ಕುರಿ ಹಿಂಡನ್ನ ಬ್ಯಾಸಿಗ್ಯಾಗ ಎಂಟೆಂಟು ದಿನ ಇಲ್ಲೇ ನಿಲ್ಲಸ್ತೀನ್ರಿ. ಹಿಕ್ಕಿ, ಉಚ್ಚಿ ಬಿದ್ರ ನೆಲಾ ಜೀವ ಹಿಡೀತದ. ನಮ್ಮ ಕಡಿ ಹೊಲಕ್ಕ ಎಲ್ಲಾರೂ ಮಾಡೋದು ಅದನ್ನ ಅಲ್ಲೇನ್ರಿ?”

ಪಂಪಾಪತಿ ಅಲ್ಲೇ ನೆಲದ ಮೇಲೆ ಕೂತರು. ಇಪ್ಪತ್ತಾರು ಪ್ರಬಂಧ, ಇಬ್ಬರು ಶಿಷ್ಯರ ಪಿಎಚ್‌ಡಿ, ಎಲ್ಲವೂ ಕುರಿ ಹಿಕ್ಕೆಯ ಮೇಲೆ ಬೆಳೆದಿದ್ದವು. ಈ ನಿಜವನ್ನು ಹೇಳಿಬಿಟ್ಟರೆ ಅದೇ ಅವರ ಬದುಕಿನ ಮೊದಲ ಶೋಧವಾಗುತ್ತಿತ್ತು. ಒಂದು ಗಳಿಗೆ ಆ ಆಸೆಯೂ ಆಯಿತು. ಭಾರತಿ ತಾಲ್ಲೂಕು ದಾಟುವ ಮೊದಲೇ ಹೇಳಿಬಿಡೋಣವೆಂದು ಮೊಬೈಲ್ ತೆಗೆದರು.

ಭಾರತಿಯವರ ಸಂದೇಶ ಆಗಲೇ ಬಂದಿತ್ತು: “ಅಭಿನಂದನೆಗಳು, ನಿರ್ದೇಶಕರೇ. ಮೊಲಗಳ ರಕ್ಷಣೆಗೆ ಸುತ್ತ ಎಂಟಡಿ ಗೋಡೆ ಕಟ್ಟಿಸಲು ಶಿಫಾರಸು ಮಾಡುತ್ತಿದ್ದೇನೆ. ಇನ್ನು ಒಂದು ಕುರಿಯೂ ನುಸುಳಬಾರದು.”

ಪ್ರೊಫೆಸರ್ ಎರಡು ಸಲ ಓದಿದರು. ಮೊಬೈಲನ್ನು ಜೇಬಿಗಿಳಿಸಿ, ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡರು.

“ಮಾನಪ್ಪ, ಗ್ವಾಡಿಗೆ ಗೇಟು ಎಷ್ಟು ಅಗಲ ಇರಬೇಕು? ಇನ್ನೂರು ಮೊಲ ಒಮ್ಮೆಗೇ ಒಳಗ ಬರಬೇಕು ನೋಡು.”